ಕೊಲ್ಖೋಜ್ ಊರುಗಳಲ್ಲಿ ಉಳಿದದ್ದು

ನಾನು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಪುಸ್ತಕಗಳಿಗೆಲ್ಲ ರಷ್ಯದ ಅಂಗಿ. ಸೋವಿಯತ್ ದೇಶದ ಸಚಿತ್ರ ಪತ್ರಿಕೆಯ ಕನ್ನಡ ಆವೃತ್ತಿ ನಮ್ಮ ಮನೆಗೆ ಬರುತ್ತಿತ್ತು. ತೋಡಿನ ಆಚೆಯ ಮನೆಗೆ ಮಲಯಾಳದ 'ಸೋವಿಯತ್ ನಾಡ್' ಬರುತ್ತಿತ್ತು. ಚಿತ್ರಗಳು ಎರಡರಲ್ಲೂ ಒಂದೇ ಬಗೆಯವಾದ್ದರಿಂದ ಯಾವ ಮನೆಯ ಹುಡುಗನ ಲೆಕ್ಕದ ಪುಸ್ತಕ ಯಾವುದೆಂದು ತಿಳಿಯಲು ಹೊದಿಕೆಯ ಮೇಲಿನ ಅಕ್ಷರವನ್ನೇ ನೋಡಬೇಕಿತ್ತು. ನುಣುಪಾದ ದಪ್ಪ ಕಾಗದ, ಮಳೆಗಾಲದಲ್ಲಿಯೂ ಬೇಗ ಹಾಳಾಗದು. ನನ್ನ ಭೂಗೋಳ ಪುಸ್ತಕದ ಮೇಲೆ ಗೋಧಿ ಹೊಲದ ನಡುವೆ ಕೆಂಪು ಟ್ರ್ಯಾಕ್ಟರು, ಅದರ ಮೇಲೆ ತಲೆಗೆ ವಸ್ತ್ರ ಕಟ್ಟಿ ನಗುವ ಹೆಂಗಸು. ಕೆಳಗೆ 'ಕೊಲ್ಖೋಜ್' ಎಂಬ ಮಾತು. ಆ ಪದವನ್ನು ನಾನು ಅಪ್ಪನಿಂದಲೇ ಕಲಿತದ್ದು. ಕೊಲ್ಖೋಜ್ ಎಂದರೆ ಧನಿಗಳಿಲ್ಲದ ಊರು ಎಂದು ಅವರು ಅರ್ಥ ಹೇಳಿದ್ದರು.

ಚಾಲಗೇಣಿಯ ಒಕ್ಕಲಾಗಿದ್ದವನಿಗೆ ಆ ಅರ್ಥಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ನಮ್ಮ ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಭಾಷೆಯ ಮಾತಿನಲ್ಲಿ ಆ ದಿನ ನಮ್ಮ ಮನೆಗಳಿಗೆ ದುಃಖದ ದಿನ. ಆದರೆ ಭೂಮಿಯ ಮಾತಿನಲ್ಲಿ ಅದೇ ದಿನ ಒಕ್ಕಲುಗಳಿಗೆ ಬೇರೆ ದಾರಿ ತೆರೆಯಿತೆಂಬುದನ್ನೂ ಮರೆಯಬಾರದು. ಕೇರಳದ 1963ರ ಭೂಸುಧಾರಣಾ ಕಾನೂನು 1969ರಲ್ಲಿ ತಿದ್ದುಪಡಿಯಾಗಿ, 1970ರ ಜನವರಿ 1ರಿಂದ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಗಡಿಯ ಆಚೆ ಕರ್ನಾಟಕದಲ್ಲಿ ಅಂಥದ್ದು ಆಗಲು 1974 ಬರಬೇಕಾಯಿತು. ನಮಗೂ ಪಟ್ಟಯ ಬಂತು. ಸಾಮೂಹಿಕ ಕೃಷಿಯ ಕನಸು ಕಾಣುತ್ತಿದ್ದ ಅಪ್ಪ ಸ್ವಂತ ಹೆಸರಿನ ಆ ಕಾಗದವನ್ನು ಟ್ರಂಕಿನ ತಳದಲ್ಲಿ, ಸೋವಿಯತ್ ಪತ್ರಿಕೆಗಳ ಅಡಿಯಲ್ಲಿ ಇಟ್ಟರು. ಇದರಲ್ಲಿ ವಿರೋಧವಿದೆಯೆಂದು ಅವರಿಗೆ ಅನಿಸಿದಂತಿಲ್ಲ, ನನಗೂ ಆಗ ಅನಿಸಲಿಲ್ಲ. ಅವರು 1986ರಲ್ಲಿ ತೀರಿಕೊಂಡರು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾದದ್ದನ್ನು ಅವರು ಕಾಣಲಿಲ್ಲ.

ಇಷ್ಟು ಪೀಠಿಕೆ ಏಕೆಂದರೆ, ಆ ಭೂಗೋಳ ಪುಸ್ತಕದ ಹೊದಿಕೆಯೊಳಗೆ ಕಾಲಿಡುವ ಯೋಗ ನನಗೆ ನಿವೃತ್ತಿಯ ನಂತರ ಒದಗಿತು. ಮಗಳು ಎಸ್ಟೋನಿಯದ ತಾರ್ತು ನಗರದಲ್ಲಿ ಓದಲು ಹೋದಳು. 2022ರ ಬೇಸಿಗೆಯಲ್ಲಿ ಎರಡು ತಿಂಗಳು ನಾನು ಅವಳಲ್ಲಿದ್ದೆ. ಅವಳು ನಗರ ತೋರಿಸುತ್ತೇನೆಂದಳು, ನಾನು ಕೊಲ್ಖೋಜ್ ತೋರಿಸು ಎಂದೆ.

ಎಸ್ಟೋನಿಯ ಬಾಲ್ಟಿಕ್ ಕಡಲಿನ ಕರಾವಳಿಯ ಪುಟ್ಟ ದೇಶ. ವಿಸ್ತಾರದಲ್ಲಿ ಕೇರಳಕ್ಕಿಂತ ತುಸು ದೊಡ್ಡದು, ಸುಮಾರು 45 ಸಾವಿರ ಚದರ ಕಿಲೋಮೀಟರು. ಆದರೆ ಇಡೀ ದೇಶದ ಜನಸಂಖ್ಯೆ ನಮ್ಮ ಕಾಸರಗೋಡು ಜಿಲ್ಲೆಯಷ್ಟೇ, ಹದಿಮೂರು ಲಕ್ಷದ ಆಚೆ ಈಚೆ. ಒಂದು ಜಿಲ್ಲೆಯಷ್ಟು ಜನ ಒಂದು ರಾಜ್ಯದಷ್ಟು ನೆಲದಲ್ಲಿ ಹರಡಿಕೊಂಡಿದ್ದಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಲ್ಲಿಯ ಹಳ್ಳಿಯ ರೂಪ ತಿಳಿಯುತ್ತದೆ. ಅದು ಬಯಲುಸೀಮೆಯ ಹಳ್ಳಿಯಂತೆ ಮನೆಗೆ ಮನೆ ಅಂಟಿಕೊಂಡದ್ದಲ್ಲ, ನಮ್ಮ ಕಡೆಯ ಹಾಗೆ ಒಂದೊಂದು ಮನೆಗೂ ಅದರದೇ ಹಿತ್ತಿಲು, ಹೊಲ, ಬಾವಿ. ಇನ್ನೂ ಒಂದು ಸಾಮ್ಯವಿದೆ. ಪ್ರತಿಯೊಂದು ಒಕ್ಕಲುಮನೆಗೂ ಅದರದೇ ಹೆಸರು. ಗುಡ್ಡದ ಮನೆ 'ಮ್ಯಾಯೆ', ತೋಡಿನ ಬಳಿಯದು 'ಓಯ', ಬರ್ಚ್ ಮರದ ಬುಡದ್ದು 'ಕಾಸೆ'. ಗುಡ್ಡೆಮನೆ, ತೋಡುಮನೆ, ಕುಕ್ಕುದಡಿ ಎಂದು ಕರೆಯುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ಒಕ್ಕಲುಗಳಿಗೂ ಧನಿಗಳಿದ್ದರು. ಶತಮಾನಗಳ ಕಾಲ ನೆಲವೆಲ್ಲ ಜರ್ಮನ್ ಮೂಲದ ಜಮೀನ್ದಾರರದಾಗಿತ್ತು. ಅವರ ಬಂಗಲೆ, ಉದ್ಯಾನ, ಭಟ್ಟಿ ಸಾರಾಯಿಯ ಕಟ್ಟಡಗಳು ಇಂದಿಗೂ ಅಲ್ಲಲ್ಲಿ ಇವೆ. ದೇಶ ಸ್ವತಂತ್ರವಾದೊಡನೆ, 1919ರಲ್ಲಿ, ಆ ಜಮೀನುಗಳನ್ನು ಸರಕಾರ ವಹಿಸಿಕೊಂಡು ಒಕ್ಕಲುಗಳಿಗೂ ಸೈನಿಕರಿಗೂ ಹಂಚಿತು. 1939ರ ಹೊತ್ತಿಗೆ ಸುಮಾರು 1,40,000 ಸ್ವಂತ ಒಕ್ಕಲುಮನೆಗಳಿದ್ದವು. ಅಂದರೆ 1970ರಲ್ಲಿ ನಮ್ಮ ಬೈಲಿನಲ್ಲಿ ಆದದ್ದು ಅಲ್ಲಿ ಐವತ್ತು ವರ್ಷ ಮೊದಲೇ ಆಗಿತ್ತು. ನಮಗೆ ಪಟ್ಟಯ ಬಂದ ಮೇಲೆ ಕಥೆ ಮುಗಿಯಿತು. ಅವರಿಗೆ ಅಲ್ಲಿಂದ ಮುಂದೆ ಶುರುವಾಯಿತು.

1940ರಲ್ಲಿ ಸೋವಿಯತ್ ಒಕ್ಕೂಟ ಎಸ್ಟೋನಿಯವನ್ನು ನುಂಗಿತು. 1941ರಿಂದ 1944ರ ತನಕ ಜರ್ಮನರು, ಮತ್ತೆ ಸೋವಿಯತ್. ರಷ್ಯ, ಉಕ್ರೇನುಗಳಲ್ಲಿ ಸಾಮೂಹಿಕೀಕರಣ 1929ರಲ್ಲಿಯೇ ಬಿರುಸಾಗಿ ನಡೆದಿತ್ತು. ಅದರ ಬೆನ್ನಿಗೆ ಬಂದ 1932-33ರ ಕ್ಷಾಮದಲ್ಲಿ ಉಕ್ರೇನಿನಲ್ಲಿ ಹತ್ತಾರು ಲಕ್ಷ ಜನ ಸತ್ತರು. ಕಜಾಕಸ್ತಾನದ ದನಗಾಹಿಗಳಲ್ಲಿ ಸತ್ತವರು ಹತ್ತು ಲಕ್ಷಕ್ಕೂ ಹೆಚ್ಚು. ಈ ಸಂಗತಿಗಳು ನನ್ನ ಭೂಗೋಳ ಪುಸ್ತಕದ ಹೊರಗೂ ಇರಲಿಲ್ಲ, ಒಳಗೂ ಇರಲಿಲ್ಲ. ಎಸ್ಟೋನಿಯದ ರೈತರಿಗೆ ಅವು ತಿಳಿದಿದ್ದವು. ಅದಕ್ಕೇ ಅಲ್ಲಿ ಮೊದಲ ಕೊಲ್ಖೋಜ್ ಹುಟ್ಟಲು 1947ರ ತನಕ ಕಾಯಬೇಕಾಯಿತು. ಅದು ಸಾರೆಮಾ ದ್ವೀಪದ ಸಾಕ್ಲಾ ಎಂಬಲ್ಲಿ. ತೆರಿಗೆ ಏರಿಸಿದರು, 'ಕುಲಕ್' ಎಂದು ಪಟ್ಟಿ ಮಾಡಿದರು, ಸಭೆಗಳ ಮೇಲೆ ಸಭೆ ನಡೆಸಿದರು. 1949ರ ಮಾರ್ಚ್ ತಿಂಗಳ ನಡುವಿನ ತನಕ ಸೇರಿದ ಒಕ್ಕಲುಮನೆಗಳು ನೂರಕ್ಕೆ ಎಂಟು.

ಮಾರ್ಚ್ 25ರಂದು ಸೈನಿಕರು ಪಟ್ಟಿ ಹಿಡಿದುಕೊಂಡು ಮನೆಮನೆಗೆ ಬಂದರು. ಗಂಟು ಕಟ್ಟಲು ಸ್ವಲ್ಪ ಸಮಯ, ಆಮೇಲೆ ಲಾರಿ, ಆಮೇಲೆ ಸರಕು ಸಾಗಿಸುವ ರೈಲುಗಾಡಿ, ಕೊನೆಗೆ ಸೈಬೀರಿಯ. ಕೆಲವು ದಿನಗಳಲ್ಲಿ ಎಸ್ಟೋನಿಯದಿಂದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರನ್ನು ಸಾಗಿಸಿದರು. ಲಾಟ್ವಿಯ, ಲಿಥುವೇನಿಯಗಳನ್ನು ಸೇರಿಸಿದರೆ ತೊಂಬತ್ತು ಸಾವಿರದಷ್ಟು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಉಳಿದವರಿಗೆ ಬೇರೆ ಉಪನ್ಯಾಸ ಬೇಕಾಗಲಿಲ್ಲ. ಏಪ್ರಿಲ್ ಕೊನೆಯ ಹೊತ್ತಿಗೆ ನೂರಕ್ಕೆ ಅರುವತ್ತನಾಲ್ಕು ಒಕ್ಕಲುಮನೆಗಳು ಕೊಲ್ಖೋಜಿಗೆ ಸೇರಿಯಾಗಿದ್ದವು. ಎಂಟು, ಅರುವತ್ತನಾಲ್ಕು - ಈ ಎರಡು ಅಂಕಿಗಳನ್ನು ತಾರ್ತುವಿನಲ್ಲಿ ಕೇಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪ ಮೋಸಹೋದರೇ, ಅಥವಾ ಅವರಿಗೆ ಬೇಕಾದದ್ದನ್ನು ಮಾತ್ರ ಓದಿಕೊಂಡರೇ? ಎರಡನೆಯದೇ ಇರಬೇಕು. ಧನಿಯ ಚಾವಡಿಯ ಮೆಟ್ಟಲ ಕೆಳಗೆ ನಿಂತು ಗೇಣಿ ಅಳೆದುಕೊಟ್ಟವನ ಓದು ಹಾಗೆಯೇ ಇರುತ್ತದೆ.

ಮೊದಲ ವರ್ಷಗಳು ಹಸಿವಿನವು. ದುಡಿದ ದಿನಕ್ಕೆ ಒಂದು ಗೀಟು, ವರ್ಷದ ಕೊನೆಗೆ ಆ ಗೀಟುಗಳ ಲೆಕ್ಕದಲ್ಲಿ ಒಂದಿಷ್ಟು ಕಾಳು. ಕುಟುಂಬಗಳನ್ನು ಬದುಕಿಸಿದ್ದು ಮನೆಯ ಬದಿಗೆ ಬಿಟ್ಟುಕೊಟ್ಟ ಒಂದೂವರೆ ಎಕರೆಯಷ್ಟು ತುಂಡು ನೆಲ, ಒಂದು ಹಸು. ಒಕ್ಕೂಟದ ಹೆಚ್ಚಿನ ಭಾಗಗಳಲ್ಲಿ ಕೊಲ್ಖೋಜಿನವರಿಗೆ ಊರು ಬಿಟ್ಟು ಹೋಗಲು ಬೇಕಾದ ಗುರುತಿನ ಪತ್ರವನ್ನು ಕೂಡ ಹಕ್ಕಾಗಿ ಕೊಟ್ಟದ್ದು 1974ರ ನಿರ್ಣಯದ ನಂತರ. ತಿಂಗಳ ಸಂಬಳ ನಿಶ್ಚಯವಾದದ್ದು 1966ರಲ್ಲಿ.

ಆಮೇಲಿನ ಕಥೆ ಬೇರೆ. ಇಲ್ಲಿ ನಾನು ಜಾಗ್ರತೆಯಿಂದ ಬರೆಯಬೇಕು, ಏಕೆಂದರೆ 1949ರ ಕಥೆ ಹೇಳಿದವರು ಹಲವರು ಆಮೇಲಿನದನ್ನು ಹೇಳುವುದೇ ಇಲ್ಲ. ಸಾವಿರಾರು ಸಣ್ಣ ಕೊಲ್ಖೋಜುಗಳನ್ನು ಒಂದಕ್ಕೊಂದು ಸೇರಿಸುತ್ತಾ ಕೊನೆಗೆ ಸುಮಾರು ಮುನ್ನೂರು ದೊಡ್ಡ ಸಾಮೂಹಿಕ ಹಾಗೂ ಸರಕಾರೀ ಕೃಷಿಕ್ಷೇತ್ರಗಳಾದವು. 1970, 80ರ ದಶಕಗಳಲ್ಲಿ ಅವು ಇಡೀ ಸೋವಿಯತ್ ಒಕ್ಕೂಟದಲ್ಲಿಯೇ ಅನುಕೂಲವಾದವುಗಳೆಂದು ಹೆಸರಾಗಿದ್ದವು. ಹಾಲು, ಬೆಣ್ಣೆ, ಹಂದಿಮಾಂಸ ಲೆನಿನ್‌ಗ್ರಾಡಿಗೆ ಹೋಗುತ್ತಿತ್ತು. ಸಂಬಳ ಪಟ್ಟಣದವರಿಗಿಂತ ಕಡಿಮೆಯಿರಲಿಲ್ಲ. ಹಣ ಬಂದಾಗ ಅವರು ಕಟ್ಟಡ ಕಟ್ಟಿದರು. ರಾಪ್ಲಾ ಪಟ್ಟಣದಲ್ಲಿ ಕೊಲ್ಖೋಜುಗಳ ಕೂಟದ ನಿರ್ಮಾಣ ಕಚೇರಿಯನ್ನು ತೋಮಸ್ ರೈನ್ ಎಂಬ ವಾಸ್ತುಶಿಲ್ಪಿ 1977ರಲ್ಲಿ ಕಟ್ಟಿದರು. ಹಳ್ಳಿಯ ಕೃಷಿಗೆ ಸಂಬಂಧಪಟ್ಟ ಕಚೇರಿಯೆಂದರೆ ನಂಬುವುದು ಕಷ್ಟ. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಕುರ್ಟ್ನಾ ಎಂಬಲ್ಲಿ ಕೋಳಿಸಾಕಣೆಯ ಪ್ರಯೋಗಕೇಂದ್ರದ ಮನೆಯನ್ನು ವಾಲ್ವೆ ಪೊರ್ಮೈಸ್ಟರ್ ಎಂಬ ಮಹಿಳೆ ರೂಪಿಸಿದ್ದರು. ಆಕೆ ಕಲಿತದ್ದು ತೋಟಗಳ ವಿನ್ಯಾಸ, ಹಾಗಾಗಿ ಆ ಕಟ್ಟಡ ಇಳಿಜಾರನ್ನು ಕಡಿಯದೆ ಅದರ ಮೇಲೆಯೇ ಮೆಲ್ಲಗೆ ಕೂತಂತಿದೆ. ಕೋಳಿಗಳ ಕಚೇರಿಗೆ ಇಷ್ಟು ಚೆಂದವೇಕೆ ಎಂದು ಕೇಳಬಾರದು. ನಮ್ಮ ಸರಕಾರೀ ಕಟ್ಟಡಗಳನ್ನು ಕಂಡವನಿಗೆ ಆ ಪ್ರಶ್ನೆ ಕೇಳುವ ಯೋಗ್ಯತೆಯಿಲ್ಲ.

ಇನ್ನು ನೆಲದ ಮಾತು. ಮಗಳ ಗೆಳತಿಯ ಕಾರಿನಲ್ಲಿ ತಾರ್ತುವಿನಿಂದ ದಕ್ಷಿಣಕ್ಕೆ ಹೋದೆವು. ನಾನು ಮೊದಲು ಕಂಡದ್ದು ಹೊಲಗಳ ಅಗಾಧತೆ. ಹಳೆಯ ಒಕ್ಕಲುಗಳ ಸಣ್ಣ ಹೊಲ, ಕಲ್ಲಿನ ಅಗಳು, ಜೌಗು, ಕಾಲುದಾರಿ ಎಲ್ಲವನ್ನೂ ಕೊಲ್ಖೋಜ್ ಕಾಲದಲ್ಲಿ ಬುಲ್ಡೋಜರು ಹಾಯಿಸಿ ಒಂದು ಮಾಡಿದ್ದರು. ನೆಲದಡಿಯಲ್ಲಿ ಕೊಳವೆ ಹೂಳಿ ನೀರು ಬಸಿದಿದ್ದರು. ಎದ್ದುಬಂದ ಕಲ್ಲುಗಳನ್ನೆಲ್ಲ ಹೊಲದ ನಡುವೆ ಗುಪ್ಪೆ ಹಾಕಿದ್ದರು. ಇಂದಿಗೂ ಅವು ಹುಲ್ಲು, ಪೊದೆ ಬೆಳೆದ ದ್ವೀಪಗಳಂತೆ ನಿಂತಿವೆ, ಟ್ರ್ಯಾಕ್ಟರು ಅವನ್ನು ಸುತ್ತಿಕೊಂಡು ಹೋಗುತ್ತದೆ. ಇನ್ನೂ ಕೆಲವು ಕಡೆ ಹೊಲದ ನಡುವೆ ಏನೂ ಇಲ್ಲದಲ್ಲಿ ನೇರಳೆ ಹೂವಿನ ಲೈಲಾಕ್ ಗಿಡ, ಒಂದೆರಡು ಮುದಿ ಸೇಬಿನ ಮರ. ಅಲ್ಲಿ ಮನೆಯಿತ್ತೆಂದು ತಿಳಿಯಬೇಕು. ನಮ್ಮಲ್ಲಿ ರಬ್ಬರ್ ತೋಟದ ನಡುವೆ ಒಂದು ಒಡೆದ ತುಳಸಿಕಟ್ಟೆಯೋ ಮುಚ್ಚಿದ ಬಾವಿಯೋ ಕಂಡರೆ ತಿಳಿಯುವುದಿಲ್ಲವೇ, ಹಾಗೆ.

ಆ ಚದುರಿದ ಮನೆಗಳ ಜನರನ್ನು ಸೇರಿಸಿ ಕೂರಿಸಿದ್ದು 'ಕೇಂದ್ರ'ದಲ್ಲಿ. ಬಿಳಿ ಸಿಲಿಕೇಟ್ ಇಟ್ಟಿಗೆಯ ಎರಡು ಮೂರು ಮಾಳಿಗೆಯ ವಸತಿಕಟ್ಟಡಗಳು ಗೋಧಿ ಹೊಲದ ನಡುವೆ ಪಟ್ಟಣದಿಂದ ಕಿತ್ತು ತಂದಿಟ್ಟಂತೆ ನಿಂತಿವೆ. ಹತ್ತಿರವೇ ಕಚೇರಿ, ಅಂಗಡಿ, ಶಿಶುವಿಹಾರ, ಸಂಸ್ಕೃತಿ ಮಂದಿರ, ಎಲ್ಲ ಮನೆಗಳಿಗೂ ಬಿಸಿನೀರು ಕಳಿಸುತ್ತಿದ್ದ ಬಾಯ್ಲರಿನ ಎತ್ತರದ ಚಿಮಣಿ. ತುಸು ದೂರದಲ್ಲಿ ಉದ್ದುದ್ದ ಹಟ್ಟಿಗಳು, ಯಂತ್ರಗಳ ಶೆಡ್ಡು, ನೀರಿನ ಗೋಪುರ. ಗೋಪುರದ ತಲೆಯ ಮೇಲೆ ಕೊಕ್ಕರೆಯ ಗೂಡು. ಹಲವು ಕಡೆ ಈ ಕೇಂದ್ರ ಬೆಳೆದದ್ದು ಹಳೆಯ ಜರ್ಮನ್ ಧನಿಯ ಬಂಗಲೆಯ ಸುತ್ತಲೇ. ಬಂಗಲೆಯಲ್ಲಿ ಕೊಲ್ಖೋಜಿನ ಕಚೇರಿಯೋ ಶಾಲೆಯೋ ಕೂತಿತು. ಧನಿಗಳಿಲ್ಲದ ಊರು ಎಂಬ ಅಪ್ಪನ ಅರ್ಥ ಅಲ್ಲಿ ನನಗೆ ಮತ್ತೆ ನೆನಪಾಯಿತು. ಅಪ್ಪಣೆ ಹೊರಡುವ ಜಾಗ ಮಾತ್ರ ಬದಲಾಗಿರಲಿಲ್ಲ.

ಸಂಸ್ಕೃತಿ ಮಂದಿರದ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು, ಗಡಿನಾಡಿನ ಓದುಗರಿಗೆ ಅದು ಬೇಕಾದ ಮಾತು. ಎಸ್ಟೋನಿಯದವರು 1869ರಿಂದ ದೇಶದ ದೊಡ್ಡ ಹಾಡುಹಬ್ಬ ನಡೆಸಿಕೊಂಡು ಬಂದವರು. ಸಾವಿರಾರು ಕಂಠಗಳ ಮೇಳ ಅದು. ಸೋವಿಯತ್ ಕಾಲದಲ್ಲಿ ಕಾರ್ಖಾನೆಗಳಿದ್ದ ಈಶಾನ್ಯದ ನಾರ್ವಾ, ಕೊಹ್ಟ್ಲಾ-ಯಾರ್ವೆ ಪಟ್ಟಣಗಳಿಗೆ ಹೊರಗಿನಿಂದ ಕೆಲಸಗಾರರು ಬಂದು ಅವು ಹೆಚ್ಚುಕಡಿಮೆ ರಷ್ಯನ್ ಮಾತಿನವಾದವು. ಹಳ್ಳಿಯ ಕೊಲ್ಖೋಜುಗಳು ಮಾತ್ರ ಬಹುಮಟ್ಟಿಗೆ ಎಸ್ಟೋನಿಯನ್ ಮಾತಿನವಾಗಿಯೇ ಉಳಿದವು. ಅವುಗಳ ಹಣದಲ್ಲಿಯೇ ಊರಿನ ಹಾಡಿನ ಮೇಳ, ಜಾನಪದ ಕುಣಿತದ ತಂಡ ನಡೆದವು. ಹಟ್ಟಿಯಲ್ಲಿ ಹಾಲು ಕರೆದ ಹೆಂಗಸರು ಸಂಜೆ ಸಂಸ್ಕೃತಿ ಮಂದಿರದಲ್ಲಿ ಹಾಡು ಕಲಿತರು. 1988ರಲ್ಲಿ ತಾಲಿನ್ನಿನ ಹಾಡುಬಯಲಿನಲ್ಲಿ ಲಕ್ಷಗಟ್ಟಲೆ ಜನ ಸೇರಿ ಹಾಡಿ ಸ್ವಾತಂತ್ರ್ಯ ಕೇಳಿದಾಗ ಆ ಮೇಳಗಳಲ್ಲಿ ಪಳಗಿದ ಕಂಠಗಳೂ ಅಲ್ಲಿದ್ದವು. ಒತ್ತಾಯದಿಂದ ಕಟ್ಟಿದ ಊರು ಆ ಜನರ ಮಾತನ್ನು ಕಾಪಾಡಿಕೊಟ್ಟಿತೆಂದರೆ 1949ರ ನೊಂದವರಿಗೆ ಹೇಗೆ ಕೇಳಿಸೀತೋ ತಿಳಿಯದು. ಆದರೆ ಅದು ನಡೆದದ್ದು ಹೌದು. ನಮ್ಮ ಊರುಗಳಲ್ಲಿ ಕನ್ನಡ ಶಾಲೆಯ ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವಾಗಲೂ ಯಕ್ಷಗಾನದ ಚೌಕಿಯಲ್ಲಿ ಕನ್ನಡ ಗಟ್ಟಿಯಾಗಿರುವುದನ್ನು ಕಂಡವರಿಗೆ ಇದು ಅರ್ಥವಾದೀತು.

1992ರ ಕೃಷಿ ಸುಧಾರಣೆಯ ಕಾನೂನು ಕೊಲ್ಖೋಜುಗಳನ್ನು ಮುಚ್ಚಿತು. ಮರುವರ್ಷದ ಹೊತ್ತಿಗೆ ಹೆಚ್ಚಿನವು ಇರಲಿಲ್ಲ. ನೆಲ 1940ರ ಒಡೆಯರಿಗೆ ಅಥವಾ ಅವರ ವಾರಸುದಾರರಿಗೆ ಮರಳಿತು. ಹಟ್ಟಿ, ಯಂತ್ರ, ದನಗಳಲ್ಲಿ ದುಡಿದವರಿಗೆ ಅವರವರ ದುಡಿಮೆಯ ವರ್ಷಗಳ ಲೆಕ್ಕದಲ್ಲಿ ಪಾಲು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ನೆಲ ಒಬ್ಬನಿಗೆ, ಟ್ರ್ಯಾಕ್ಟರು ಇನ್ನೊಬ್ಬನಿಗೆ, ಹಟ್ಟಿಯ ಮಾಡಿನ ಹಂಚು ಮೂರನೆಯವನಿಗೆ ಎಂದಾದರೆ ಬೇಸಾಯ ಮಾಡುವವರಾರು? ನಮ್ಮ ಕೂಡುಕುಟುಂಬಗಳ ಪಾಲುಪಟ್ಟಿ ಕಂಡವರಿಗೆ ಇದು ಹೊಸದಲ್ಲ. ಅದೇ ಹೊತ್ತಿಗೆ ರಷ್ಯದ ಮಾರುಕಟ್ಟೆಯೂ ಕೈತಪ್ಪಿತು. ಕೃಷಿಯಲ್ಲಿ ದುಡಿಯುವವರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಬಾಯ್ಲರು ನಿಂತಿತು; ವಸತಿಕಟ್ಟಡಗಳ ಜನ ಕೋಣೆಯೊಳಗೆ ಸೌದೆ ಒಲೆ ಹೂಡಿದರು. ನಾನು ಕಂಡ ಊರಿನಲ್ಲಿ ಮೂರು ಮಾಳಿಗೆಯ ಕಟ್ಟಡದ ಬದಿಗೆ ನಮ್ಮ ಹಳ್ಳಿಮನೆಯ ಹಿಂದೆ ಇರುವಂತೆ ಸೌದೆಯ ಅಟ್ಟಿ. ಕೆಲವು ಕಿಟಕಿಗಳು ಹೊಸ ಪ್ಲಾಸ್ಟಿಕ್ಕಿನವು, ಕೆಲವು ಒಡೆದ ಗಾಜಿನವು. ಹಟ್ಟಿಯ ಮಾಡು ಕುಸಿದಿತ್ತು, ಒಳಗೆ ಬರ್ಚ್ ಮರ ಬೆಳೆದಿತ್ತು.

ಇದನ್ನು ಪರಂಪರೆ ಎನ್ನಬೇಕೇ? ಎಸ್ಟೋನಿಯದಲ್ಲಿ ಬಹಳ ಕಾಲ ಅನ್ನಲಿಲ್ಲ. ತಾಲಿನ್ನಿನ ಹೊರವಲಯದಲ್ಲಿ ರೊಕ್ಕಾ ಅಲ್ ಮಾರೆ ಎಂಬಲ್ಲಿ ಹಳೆಯ ಒಕ್ಕಲುಮನೆಗಳನ್ನು ತಂದು ನಿಲ್ಲಿಸಿದ ಬಯಲು ವಸ್ತುಸಂಗ್ರಹಾಲಯವೊಂದಿದೆ. ಹುಲ್ಲಿನ ಮಾಡು, ಗಾಳಿಗಿರಣಿ, ಮರದ ಚರ್ಚು - ಎಲ್ಲರೂ ಒಪ್ಪುವಂಥವು. 2021ರಲ್ಲಿ ಅಲ್ಲಿಗೆ ಒಂದು ಕೊಲ್ಖೋಜ್ ವಸತಿಕಟ್ಟಡವೂ ಸೇರಿತು. ಆಗ್ನೇಯದ ರಾಪಿನಾ ಕಡೆಯಿಂದ ತಂದು ಮತ್ತೆ ಕಟ್ಟಿದ, 1964ರ ಬಿಳಿ ಇಟ್ಟಿಗೆಯ ಕಟ್ಟಡ. ನಾಲ್ಕು ಮನೆಗಳು. ಒಂದರಲ್ಲಿ 1960ರ ದಶಕ, ಒಂದರಲ್ಲಿ 70ರದು, ಒಂದರಲ್ಲಿ 90ರದು, ಇನ್ನೊಂದರಲ್ಲಿ ನಮ್ಮ ಕಾಲದ ಬಾಳುವೆ. ಅಲ್ಲಿ ಎಸ್ಟೋನಿಯದ ವೃದ್ಧ ದಂಪತಿಗಳು ಅಡಿಗೆಕೋಣೆಯ ಕಪಾಟು ತೆರೆದು ಒಂದು ತಟ್ಟೆಯನ್ನು ಕಂಡು ನಗುತ್ತಿದ್ದರು, ಅಂಥದೇ ತಟ್ಟೆ ಅವರಲ್ಲಿಯೂ ಇದ್ದಿರಬೇಕು. ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು 60ರ ದಶಕದ ಮನೆ. ಅದು ನನ್ನ ಭೂಗೋಳ ಪುಸ್ತಕದ ಕಾಲ. ಹೊದಿಕೆಯ ಆ ಹೆಂಗಸು ಟ್ರ್ಯಾಕ್ಟರಿನಿಂದಿಳಿದು ಮನೆಗೆ ಬಂದಿದ್ದರೆ ಇಂಥ ಕೋಣೆಗೆ ಬರುತ್ತಿದ್ದಳು.

ನಮ್ಮಲ್ಲಿಯೂ ಆ ಗಾಳಿ ಬೀಸಿದ ಗುರುತುಗಳಿವೆ. ಸೋವಿಯತ್ ಯಂತ್ರಗಳ ಕೊಡುಗೆಯಿಂದ 1956ರಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾದ ಕೇಂದ್ರ ಸರಕಾರದ ಬೃಹತ್ ಕೃಷಿಕ್ಷೇತ್ರದ ಮಾದರಿ ರಾಯಚೂರು ಜಿಲ್ಲೆಯ ಜವಳಗೇರೆಗೂ ಬಂತು, ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಆರಳಕ್ಕೂ ಬಂತು. ಆರಳವನ್ನು 2004ರಲ್ಲಿ ಕೇರಳ ಸರಕಾರ ಕೊಂಡು ಅದರ ಒಂದು ಭಾಗವನ್ನು ಆದಿವಾಸಿ ಕುಟುಂಬಗಳಿಗೆ ಎಕರೆ ಎಕರೆಯಾಗಿ ಹಂಚಿತು. ಕಾಡಾನೆಗಳ ಕಾಟಕ್ಕೆ ಹಲವರು ಮನೆ ಬಿಟ್ಟು ಹೋಗಿದ್ದಾರೆ. ಅದನ್ನು ಈ ಸಂಚಿಕೆಯ ಮಲಯಾಳ ಪುಟಗಳಲ್ಲಿ ಯಾರಾದರೂ ಬಲ್ಲವರು ಮುಂದೊಮ್ಮೆ ಬರೆಯಬೇಕು.

ದಕ್ಷಿಣದ ಆ ಊರಿನಲ್ಲಿ ಕಟ್ಟಡದ ಮುಂದೆ ಬೆಂಚಿನಲ್ಲಿ ಕೂತಿದ್ದ ಒಬ್ಬ ಮುದುಕಿಯೊಡನೆ ಮಾತಾಡಿದೆ. ಮಗಳು ಅವಳ ಅರೆಬರೆ ಎಸ್ಟೋನಿಯನ್ನಿನಲ್ಲಿ ಕೇಳಿ ಕನ್ನಡದಲ್ಲಿ ಹೇಳುತ್ತಿದ್ದಳು. ಆಕೆ ಕೊಲ್ಖೋಜಿನ ಲೆಕ್ಕದ ಕೋಣೆಯಲ್ಲಿ ದುಡಿದವರು. ಪಕ್ಕದ ಮನೆಯವರನ್ನು ಒಯ್ದದ್ದು ಅವರಿಗೆ ಐದು ವರ್ಷವಿದ್ದಾಗ. ಅವರ ನಾಯಿ ಕೆಲವು ದಿನ ಇವರ ಮನೆಯಲ್ಲಿ ಉಂಡಿತಂತೆ. ಕೊಲ್ಖೋಜ್ ಒಳ್ಳೆಯದಿತ್ತೇ ಕೆಟ್ಟದಿತ್ತೇ ಎಂದು ನಾನು ಕೇಳಿಸಿದೆ. ಕೇಳಬಾರದಿತ್ತೇನೋ. ಸಂಬಳ ಚೆನ್ನಾಗಿತ್ತು, ಹಾಡು ಚೆನ್ನಾಗಿತ್ತು ಎಂದರು. ಆಮೇಲೆ ಹೊಲದ ನಡುವಿನ ಕಲ್ಲುಗುಪ್ಪೆಯ ಕಡೆ ಕೈ ತೋರಿಸಿ, ನಮ್ಮ ಮನೆಯಿದ್ದದ್ದು ಅಲ್ಲಿ ಎಂದರು. ಕೊಲ್ಖೋಜ್ ಕಾಲದಲ್ಲಿ ವಿಳಾಸದಿಂದ ಹೋಗಿದ್ದ ಒಕ್ಕಲುಮನೆಗಳ ಹೆಸರುಗಳು ಈಗ ದಾಖಲೆಗಳಿಗೆ ಮರಳಿವೆ. ಅವರ ನೆಲಕ್ಕೂ ಹಳೆಯ ಹೆಸರೇ ಬಂದಿದೆ, ಮನೆ ಮಾತ್ರ ಇಲ್ಲ. ನಾನು ಕುಂಬಳೆ ಕುಂಬಳವಾದದ್ದನ್ನೂ ಬದಿಯಡ್ಕ ಬದಿಯಡುಕ್ಕವಾದದ್ದನ್ನೂ ಹೇಳಹೊರಟು, ಮಗಳಿಗೆ ಅನುವಾದ ಕಷ್ಟವಾದೀತೆಂದು ಬಿಟ್ಟೆ.

ಊರಿಗೆ ಮರಳಿದ ಮೇಲೆ ಟ್ರಂಕು ತೆರೆದೆ. ಪತ್ರಿಕೆಗಳನ್ನು ಗೆದ್ದಲು ಮುಟ್ಟಿರಲಿಲ್ಲ, ಬದಿಗಳು ಮಾತ್ರ ಹಳದಿಯಾಗಿದ್ದವು. ಪಟ್ಟಯ ಅಲ್ಲಿರಲಿಲ್ಲ, ಪಾಲಿನ ಸಮಯದಲ್ಲಿ ಅದು ತಮ್ಮನ ಕೈಗೆ ಹೋಗಿತ್ತು. ಎಲ್ಲ ಪತ್ರಿಕೆಗಳನ್ನೂ ಬಿಸಿಲಿಗೆ ಹಾಕಿ ಮತ್ತೆ ಒಳಗಿಟ್ಟಿದ್ದೇನೆ. ಹೊರಡುವ ಮುನ್ನ ಆ ಮುದುಕಿ ನಮ್ಮ ಮನೆಗೂ ಹೆಸರಿದೆಯೇ ಎಂದು ಕೇಳಿದ್ದರು. ಕುಕ್ಕುದಡಿ ಎಂದೆ, ಮಾವಿನ ಮರದಡಿ ಎಂದು ಮಗಳು ಬಿಡಿಸಿ ಹೇಳಿದಳು. ಆಕೆ ಎರಡು ಸಲ ಹೇಳಿ ನೋಡಿದರು. ಎರಡನೆಯ ಸಲ ಸರಿಯಾಗಿತ್ತು.